ಅವಳಿ ಮಕ್ಕಳಿಗೆ ಬೇರೆ ಬೇರೆ ಹಬ್ಬ: ನನ್ನ ಅನುಭವ

ಅವಳಿ ಮಕ್ಕಳ ತಂದೆ ತಾಯಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಹೇಗೂ ಇಬ್ಬರಿದ್ದಾರೆ, ಸೇರಿಸಿ ಒಂದೇ ಸಲ ಮುಗಿಸಿಬಿಡಿ." ಖರ್ಚು ಉಳಿಯುತ್ತದೆ, ನೆಂಟರಿಗೆ ಎರಡೆರಡು ಸಲ ಬರುವ ತೊಂದರೆ ತಪ್ಪುತ್ತದೆ, ಮಕ್ಕಳಲ್ಲಿ ಭೇದ ಮಾಡಿದಂತೆಯೂ ಆಗುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಈ ಲೆಕ್ಕವನ್ನು ಒಪ್ಪದೆ, ನನ್ನ ಇಬ್ಬರು ಹೆಣ್ಣುಮಕ್ಕಳು ಹೊಸಿಲು ದಾಟಿದ್ದು, ಮಾತು ಕಲಿತದ್ದು, ಹೆಜ್ಜೆ ಇಟ್ಟದ್ದು ಎಲ್ಲವನ್ನೂ ಅವರವರ ದಿನದಂದೇ ಆಚರಿಸುತ್ತೇನೆಂದು ನಾನು ಹೊರಟಾಗ, ನನ್ನ ತಾಯಿಯಿಂದ ಹಿಡಿದು ಭಾವಮೈದುನನವರೆಗೆ ನಗದವರಿರಲಿಲ್ಲ. ಕಳೆದ ತಿಂಗಳು ನಮ್ಮ ನೆಂಟರಲ್ಲೊಬ್ಬರಿಗೆ ಅವಳಿ ಮಕ್ಕಳಾದಾಗ, "ಎಲ್ಲವನ್ನೂ ಬೇರೆ ಬೇರೆಯಾಗಿಯೇ ಮಾಡಿ, ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದು" ಎಂದು ಅದೇ ತಾಯಿ ಫೋನಿನಲ್ಲಿ ಹೇಳುತ್ತಿರುವುದನ್ನು ಕೇಳಿಸಿಕೊಂಡ ಮೇಲೆ, ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಮಕ್ಕಳು ಹುಟ್ಟಿದ್ದು 2021ರ ಆಗಸ್ಟ್‌ನಲ್ಲಿ, 34 ವಾರಕ್ಕೆ, ಮೈಸೂರಿನಲ್ಲಿ. ನಾಲ್ಕು ನಿಮಿಷ ಮೊದಲು ಬಂದವಳು ಎರಡು ಕಿಲೋ ನೂರು ಗ್ರಾಂ, ಹಿಂದೆ ಬಂದವಳು ಒಂದು ಕಿಲೋ ಏಳುನೂರು. ದಾಖಲೆಯ ಹೆಸರುಗಳು ಏನೇ ಇರಲಿ, ಮನೆಯಲ್ಲಿ ಮೊದಲನೆಯವಳು ಗುಂಡಮ್ಮನಾದಳು, ಎರಡನೆಯವಳು ಚುಕ್ಕಿಯಾದಳು. ಆರು ವಾರ ಮುಂಚಿತವಾಗಿ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಅಳೆಯುವಾಗ ಆ ಆರು ವಾರವನ್ನು ಕಳೆದು ವಯಸ್ಸು ಎಣಿಸಬೇಕೆಂಬುದು ವೈದ್ಯರ ಲೆಕ್ಕ. ನೆಂಟರಿಗೆ ಅದನ್ನು ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು.

ಮೊದಲ ಸೋಲು ನಾಮಕರಣದ್ದು. ಮೂರನೆಯ ತಿಂಗಳಲ್ಲಿ ಒಂದು ಛತ್ರ ಹಿಡಿದು, ಎರಡು ತೊಟ್ಟಿಲಿಗೆ ಹೂವಿನ ಅಲಂಕಾರ ಮಾಡಿಸಿ, ಸುಮಾರು ಇನ್ನೂರು ಎಲೆ ಊಟ ಹಾಕಿಸಿದೆ. ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು ಆಯಿತು. ಮಕ್ಕಳು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಒಬ್ಬರಾದ ಮೇಲೆ ಒಬ್ಬರಂತೆ ಅತ್ತರು. ನನ್ನ ಹೆಂಡತಿ ಊಟಕ್ಕೆ ಕುಳಿತದ್ದು ಕೊನೆಯ ಪಂಕ್ತಿಯೂ ಎದ್ದ ಮೇಲೆ. ಹಿರಿಯರೊಬ್ಬರು ನಾಲಿಗೆಗೆ ಜೇನುತುಪ್ಪ ಸವರಲು ಬಂದಾಗ, ವರ್ಷ ತುಂಬುವವರೆಗೆ ಕೂಡದೆಂದು ನಾನು ಅಡ್ಡ ಬಂದೆ; ಆ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ. ಫೋಟೋಗಳಲ್ಲಿ ಯಾವ ತೊಟ್ಟಿಲಲ್ಲಿ ಯಾರಿದ್ದಾರೆಂದು ಇವತ್ತಿಗೂ ನಾವು ಜಗಳವಾಡುತ್ತೇವೆ.

ಎರಡನೆಯ ಸೋಲು ಖರ್ಚಿಲ್ಲದ್ದು, ಆದರೆ ನನ್ನ ಕಣ್ಣು ತೆರೆಸಿದ್ದು ಅದೇ. 2022ರ ಸಂಕ್ರಾಂತಿಯ ಹೊತ್ತಿಗೆ ಗುಂಡಮ್ಮ ಬೋರಲಾದಳು. ನಾನು ತೆಂಗಿನಕಾಯಿ ಒಡೆಯಲು ಹೊರಟಾಗ ಅಮ್ಮ ತಡೆದು, "ಇನ್ನೊಂದೂ ಮಗುಚಿಕೊಳ್ಳಲಿ, ಎರಡಕ್ಕೂ ಸೇರಿಸಿ ಒಂದೇ ಕಾಯಿ ಒಡೆದರಾಯಿತು" ಎಂದರು. ಅಂದಿನಿಂದ ಮೂರು ವಾರ ಮನೆಗೆ ಬಂದವರೆಲ್ಲ ಚುಕ್ಕಿಯ ಹಾಸಿಗೆಯ ಮೇಲೆ ಬಗ್ಗಿ "ಇನ್ನೂ ಇಲ್ಲವೇ?" ಎಂದು ಕೇಳುತ್ತಿದ್ದರು. ಹಾಲಿನವರೂ ಕೇಳಿದರು. ಗುಂಡಮ್ಮನ ಸಂಭ್ರಮ ಹಳಸಿಹೋಯಿತು, ಚುಕ್ಕಿ ಐದು ತಿಂಗಳಿಗೇ ಸಾಲಗಾರಳಾದಳು. ಕೊನೆಗೆ ಅವಳೂ ಮಗುಚಿಕೊಂಡಾಗ ಮನೆಯಲ್ಲಿ ಹೊಮ್ಮಿದ್ದು ಸಂತೋಷವಲ್ಲ, "ಅಬ್ಬ, ಸದ್ಯ" ಎಂಬ ಉಸಿರು. ಆ ರಾತ್ರಿಯೇ ನಾನು, ಇನ್ನು ಮೇಲೆ ಒಬ್ಬಳ ಹಬ್ಬಕ್ಕೆ ಇನ್ನೊಬ್ಬಳು ಕಾಯುವುದಿಲ್ಲ, ಕಾಯಿಸುವುದೂ ಇಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು "ದುಡ್ಡು?" ಎಂದು ಕೇಳಿದಳು, ನಾನು ಐನೂರು ರೂಪಾಯಿ ದಾಟುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದೇನೆ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಏರಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾನು ಹಾಕಿಕೊಂಡ ಕ್ರಮ ಇಷ್ಟೇ. ಮಗು ಹೊಸದೇನಾದರೂ ಮಾಡಿದ ದಿನ, ಅಥವಾ ತಪ್ಪಿದರೆ ಮರುದಿನ, ಮನೆಯವರು ಮತ್ತು ಪಕ್ಕದ ಮನೆಯವರು ಸೇರಿ ಎಂಟು ಹತ್ತು ಮಂದಿ. ಒಂದು ಆರತಿ, ಒಂದೇ ಒಂದು ತಿಂಡಿ, ಮತ್ತು ಬಿಳಿ ಖಾದಿ ಬಟ್ಟೆಯ ಮೇಲೆ ಆ ಮಗುವಿನ ಕೈಯ ಅಥವಾ ಕಾಲಿನ ಅಚ್ಚು, ಪಕ್ಕದಲ್ಲಿ ತಾರೀಖು. ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ, ಎರಡೂವರೆ ಮೀಟರಿನದು. ಉಡುಗೊರೆ ತರುವಂತಿಲ್ಲ. ಇನ್ನೊಬ್ಬಳಿಗೆ ಅದೇ ದಿನ "ಪಾಪ, ಇವಳಿಗೂ ಒಂದು" ಎಂದು ಆರತಿ ಎತ್ತುವಂತಿಲ್ಲ. ಈ ಕೊನೆಯ ನಿಯಮಕ್ಕಾಗಿ ನಾನು ಅನುಭವಿಸಿದ ಬೈಗುಳ ಸಣ್ಣದಲ್ಲ. ಅತ್ತೆಯವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಅಚ್ಚಿನ ವಿಷಯದಲ್ಲಿ ನಾನು ಕಳೆದುಕೊಂಡ ಹಣವನ್ನೂ ಹೇಳಬೇಕು. ಆನ್‌ಲೈನಿನಲ್ಲಿ ತರಿಸಿದ ಜೇಡಿಯ ಕಿಟ್ ಒಂಬೈನೂರು ರೂಪಾಯಿಯದು. ಒಣಗುವಾಗ ಹಿಮ್ಮಡಿಯ ಹತ್ತಿರ ಸೀಳಿ ಎರಡಾಯಿತು. ಅಂಚೆ ಮುದ್ರೆಯ ಶಾಯಿಯ ಪ್ಯಾಡಿನಲ್ಲಿ ಒತ್ತಿಸಿದಾಗ ಗುಂಡಮ್ಮನ ಅಂಗಾಲು ಮೂರು ದಿನ ನೀಲಿಯಾಗಿತ್ತು. ಆಮೇಲೆ ಅರಿಶಿನದ ನೀರಿನಲ್ಲಿ ಪ್ರಯೋಗ ಮಾಡಿದೆ. ಅಚ್ಚು ಬಹಳ ಚೆನ್ನಾಗಿ ಮೂಡಿತು, ಆದರೆ ಕಿಟಕಿಯ ಬಿಸಿಲಿಗೆ ಎರಡು ಮೂರು ವಾರದಲ್ಲಿ ಮಾಸಿಹೋಯಿತು. ಆರತಿಯ ಓಕುಳಿಯಂತೆ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಬರುತ್ತದಲ್ಲ ಎಂದು ಅದನ್ನೂ ಮೊದಲು ನನ್ನ ಅಂಗೈಗೆ ಹಚ್ಚಿ ನೋಡಿಕೊಂಡೆ. ಹತ್ತು ನಿಮಿಷಕ್ಕೇ ಚುರುಗುಟ್ಟಿದ್ದರಿಂದ ಮಕ್ಕಳ ಹತ್ತಿರಕ್ಕೂ ತರಲಿಲ್ಲ. ಕೊನೆಗೆ ಕೈಹಿಡಿದದ್ದು ಅಜ್ಜಿಯ ಕಾಲದಲ್ಲಿ ಗೋಡೆಯಂಚಿಗೆ ಬಳಿಯುತ್ತಿದ್ದ ಕೆಮ್ಮಣ್ಣು. ಮಣ್ಣಿನ ಬಣ್ಣ ಬಿಸಿಲಿಗೆ ಜಗ್ಗುವುದಿಲ್ಲ. ಬಟ್ಟೆಗೆ ಕಚ್ಚಿಕೊಳ್ಳಲು ಅದಕ್ಕೊಂದು ಅಂಟು ಬೇಕು. ಆ ಅಂಟು ಯಾವುದೆಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅದು ಅಡುಗೆಮನೆಯಲ್ಲೇ ಇರುವ ಪದಾರ್ಥ, ಮಗು ನೆಕ್ಕಿದರೂ ಭಯವಿಲ್ಲ, ಎರಡು ಸಲ ಒಗೆದರೂ ನನ್ನ ಬಟ್ಟೆಗಳಲ್ಲಿ ಹತ್ತು ಬೆರಳೂ ಎಣಿಸುವಂತಿವೆ ಎಂಬಷ್ಟನ್ನು ಹೇಳಬಲ್ಲೆ.

ಹೊಸಿಲಿನಿಂದ ಕ್ರಮ ಶುರುವಾಯಿತು. ನಮ್ಮದು ಹಳೆಯ ಬಾಡಿಗೆ ಮನೆ, ನಡುಮನೆಗೆ ಮೂರು ಅಂಗುಲ ಎತ್ತರದ ಮರದ ಹೊಸಿಲಿದೆ. 2022ರ ಮೇ ತಿಂಗಳಲ್ಲಿ ಗುಂಡಮ್ಮ ಅಂಬೆಗಾಲಿನಲ್ಲಿ ನುಗ್ಗಿ ಬಂದು, ಹೊಸಿಲಿದೆ ಎಂಬುದನ್ನೇ ಗಮನಿಸದೆ ಆಚೆಗೆ ಮುಗ್ಗರಿಸಿ, ಅತ್ತು, ಅಳುತ್ತಲೇ ಮುಂದೆ ಹೋದಳು. ಅವಳ ಸ್ವಭಾವ ಇಂದಿಗೂ ಅದೇ. ಮೊದಲು ಹಾರುತ್ತಾಳೆ, ಆಮೇಲೆ ನೋಡುತ್ತಾಳೆ. ಚುಕ್ಕಿ ಅಂಬೆಗಾಲನ್ನು ಇಡಲೇ ಇಲ್ಲ. ಕುಳಿತ ಭಂಗಿಯಲ್ಲೇ ಒಂದು ಕೈಯೂರಿಕೊಂಡು ನೆಲದ ಮೇಲೆ ಜರುಗುತ್ತಿದ್ದಳು. ಆ ವರ್ಷವೇ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯು ತನ್ನ ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿಯಿಂದ ಅಂಬೆಗಾಲನ್ನು ಕೈಬಿಟ್ಟಿತ್ತು. ಅದನ್ನು ಅಮ್ಮನಿಗೆ ಓದಿ ಹೇಳಿದಾಗ, "ಅವರ ಮನೆಗಳಲ್ಲಿ ಹೊಸಿಲೂ ಇಲ್ಲವಲ್ಲಪ್ಪ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಜೂನ್ ಕೊನೆಯ ಒಂದು ಸಂಜೆ ಚುಕ್ಕಿ ಜರುಗುತ್ತಾ ಹೊಸಿಲಿನವರೆಗೆ ಬಂದಳು. ಅರಿಶಿನ ಬಳಿದ ಮರವನ್ನು ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು, ಬೆರಳನ್ನು ನೋಡಿಕೊಂಡಳು, ಬಾಯಿಗಿಟ್ಟುಕೊಂಡಳು. ಆಮೇಲೆ ಬಲಗಾಲನ್ನು ಎತ್ತಿ ಆಚೆಗೆ ಹಾಕಿ, ಕುದುರೆಯ ಮೇಲೆ ಕುಳಿತವಳಂತೆ ಹೊಸಿಲಿನ ಮೇಲೆಯೇ ಕುಳಿತುಬಿಟ್ಟಳು. ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಸುಮಾರು ಹತ್ತು ನಿಮಿಷ. ಇದು ದಾಟಿದ ಲೆಕ್ಕವೋ ಅಲ್ಲವೋ ಎಂಬ ವಾದ ಎದ್ದಿತು. ಎರಡು ಕಾಲೂ ಆಚೆ ಬೀಳದೆ ಕಾಯಿ ಒಡೆಯುವಂತಿಲ್ಲವೆಂದು ಅಮ್ಮ ತೀರ್ಪಿತ್ತರು. ತೀರ್ಪು ಕೇಳಿಸಿಕೊಂಡವಳಂತೆ ಚುಕ್ಕಿ ಎಡಗಾಲನ್ನೂ ನಿಧಾನವಾಗಿ ತಂದಿಟ್ಟು ಆಚೆ ಇಳಿದಳು, ಮುಗ್ಗರಿಸಲಿಲ್ಲ. ಅಂದಿನ ತಿಂಡಿ ದೋಸೆ. ಬೋರಲಾದಾಗ ಮಾಡಬೇಕಾಗಿದ್ದ, ಮಗುಚಿ ಹಾಕುವ ತಿಂಡಿಯನ್ನು ಈಗ ಮಾಡಿ ಹಳೆಯ ಬಾಕಿ ತೀರಿಸಿದೆ.

ನಡುವೆ ಒಂದು ಸಲ ಸೋತದ್ದನ್ನು ಮುಚ್ಚಿಡಬಾರದು. ಮೊದಲ ಹುಟ್ಟುಹಬ್ಬ ಹೇಗೂ ಒಂದೇ ದಿನವಾದ್ದರಿಂದ ನೆಂಟರ ಒತ್ತಾಯಕ್ಕೆ ಮಣಿದು ಬಲೂನು, ಎರಡು ಅಂತಸ್ತಿನ ಕೇಕು, ಬಾಡಿಗೆಯ ಹಾಲ್ ಎಂದು ಐವತ್ತೈದು ಸಾವಿರ ಸುರಿದೆ. ಬಲೂನು ಒಡೆದ ಸದ್ದಿಗೆ ಚುಕ್ಕಿ ನಡುಗಿ ತಾಯಿಯ ಹೆಗಲಿನಿಂದ ಮುಖ ಎತ್ತಲಿಲ್ಲ. ಬಂದವರಲ್ಲಿ ಅರ್ಧ ಜನ ಗುಂಡಮ್ಮ ಗೋಡೆ ಹಿಡಿದು ನಿಲ್ಲುವುದನ್ನು ನೋಡಿ, "ಇನ್ನೊಂದು ಮಗು ಯಾಕೆ ನಿಲ್ಲುವುದಿಲ್ಲ?" ಎಂದು ಕೇಳಿಯೇ ಕೇಕು ತಿಂದರು.

ನಿಜವಾದ ಪರೀಕ್ಷೆ ಹೆಜ್ಜೆಯದು. ಗುಂಡಮ್ಮ ಸೆಪ್ಟೆಂಬರಿನಲ್ಲಿ, ಹದಿಮೂರು ತಿಂಗಳು ದಾಟಿದ ಮೇಲೆ ನಡೆದಳು. ಚುಕ್ಕಿ ನಡೆಯುವ ತನಕ ಸುಮ್ಮನಿರಬೇಕೆಂದು ಈ ಸಲ ಎಲ್ಲರೂ ಒಟ್ಟಾಗಿ ಹೇಳಿದರು, ನಾನು ಕೇಳಲಿಲ್ಲ. ನಮ್ಮ ಪಕ್ಕದ ಮನೆಯ ತೆಲುಗು ಅಜ್ಜಿ, ತಮ್ಮ ಕಡೆ ಮಗು ನಡೆದರೆ ಅರಿಸೆಲು ಮಾಡಿ ಅದರ ಮೇಲೆ ಹೆಜ್ಜೆ ಇಡಿಸುತ್ತಾರೆ ಎಂದರು. ನಮ್ಮ ಕಜ್ಜಾಯವೇ ಅದು. ನಾನೇ ಮಾಡುತ್ತೇನೆಂದು ಅಕ್ಕಿ ನೆನೆಸಿ, ನೆರಳಿನಲ್ಲಿ ಆರಿಸಿ, ತೇವವಿರುವಾಗಲೇ ಪುಡಿ ಮಾಡಿಸಿದೆ. ಪಾಕ ಎಳೆಯದಾಗಿತ್ತು, ಎಣ್ಣೆಗೆ ಬಿಟ್ಟ ಮೊದಲ ಕಜ್ಜಾಯ ಬಿರಿದು ನೊರೆಯಾಗಿ ಕರಗಿಹೋಯಿತು, ಎರಡನೆಯದೂ ಹಾಗೆಯೇ. ಒಂದು ಕಿಲೋ ಬೆಲ್ಲ, ಮುಕ್ಕಾಲು ಲೀಟರ್ ಎಣ್ಣೆ ಹಾಳು. ಮರುದಿನ ಅಮ್ಮ ಬಾಯಿಬಿಡದೆ ಬಂದು, ನೀರಿನ ಬಟ್ಟಲಿಗೆ ಪಾಕ ಬಿಟ್ಟು, ಉಂಡೆ ಕಟ್ಟುತ್ತದೆಯೇ ಎಂದು ನೋಡಿ ಇಳಿಸಿದರು. ನನ್ನ ಕ್ರಮವನ್ನು ಅವರು ಒಪ್ಪಿದ್ದು ಅಂದೇ ಇರಬೇಕು, ಬಾಯಲ್ಲಿ ಹೇಳಿದ್ದು ಬಹಳ ತಡವಾಗಿ.

ಅಕ್ಟೋಬರಿನಲ್ಲಿ ಚುಕ್ಕಿ ಮಾತಾಡಿದಳು. ಮೊದಲ ಮಾತು ಅಮ್ಮನೂ ಅಲ್ಲ, ಅಪ್ಪನೂ ಅಲ್ಲ, "ಬೇಡ". ತಕ್ಷಣ ಅವಳ ಬಟ್ಟೆಯ ಮೇಲೆ ಅಂಗೈಯ ಅಚ್ಚು ಬಿತ್ತು, ಪಕ್ಕದಲ್ಲಿ "ಬೇಡ" ಎಂದು ಬರೆದೆ. ಇದು ಯಾವ ಸೀಮೆಯ ಶಾಸ್ತ್ರವೆಂದು ಭಾವಮೈದುನ ಆಡಿಕೊಂಡ. ಗುಂಡಮ್ಮ ಸ್ಪಷ್ಟವಾಗಿ ಒಂದು ಮಾತನ್ನಾಡಲು ಮತ್ತೂ ಆರು ತಿಂಗಳು ತೆಗೆದುಕೊಂಡಳು, ಆ ಆರು ತಿಂಗಳಲ್ಲಿ ಅವಳನ್ನು ಯಾರೂ "ಇನ್ನೂ ಇಲ್ಲವೇ?" ಎಂದು ಕೇಳದಂತೆ ನೋಡಿಕೊಂಡೆ.

ನಡೆಯದ ಚುಕ್ಕಿಯ ಬಗ್ಗೆ ನನಗೆ ಆತಂಕವೇ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಎರಡು ಸಲ ವೈದ್ಯರಿಗೆ ತೋರಿಸಿದೆ. ಒಂಟಿಯಾಗಿ ನಡೆಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಅವಧಿ ಎಂಟು ತಿಂಗಳಿನಿಂದ ಹದಿನೇಳೂವರೆಯವರೆಗೆ ಹಬ್ಬಿದೆ. ಅದರ ಮೇಲೆ ನಮ್ಮ ಆರು ವಾರವನ್ನು ಕಳೆದರೆ ಇನ್ನೂ ಸಮಯವಿತ್ತು. 2023ರ ಸಂಕ್ರಾಂತಿಯಂದು ಇಬ್ಬರನ್ನೂ ಕೂರಿಸಿ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆದೆವು. ಗುಂಡಮ್ಮ ಕಾಸನ್ನೆಲ್ಲ ಬಾಚಿಕೊಂಡಳು. ಎರಡು ದಿನದ ಮೇಲೆ, ಗುಡಿಸುವಾಗ ತಪ್ಪಿಸಿಕೊಂಡ ಒಂದು ಎಲಚಿ ಹಣ್ಣು ದಿವಾನದ ಕಾಲಿನ ಹತ್ತಿರ ಬಿದ್ದಿದ್ದು ಚುಕ್ಕಿಯ ಕಣ್ಣಿಗೆ ಬಿತ್ತು. ಕುರ್ಚಿ ಹಿಡಿದು ನಿಂತಿದ್ದವಳು ಕೈಬಿಟ್ಟು, ನಾಲ್ಕು ಹೆಜ್ಜೆ ಹೋಗಿ, ಬಗ್ಗಿ, ಹಣ್ಣನ್ನು ಎತ್ತಿಕೊಂಡು, ನೆಟ್ಟಗೆ ನಿಂತಳು. ನಾನು ಓಡಿದ್ದು ಸಂತೋಷಕ್ಕಿಂತ ಮೊದಲು ಬೀಜ ಗಂಟಲಿಗೆ ಸಿಕ್ಕೀತೆಂಬ ಭಯಕ್ಕೆ. ಅಂದಿನ ಕಜ್ಜಾಯದಲ್ಲಿ ಒಂದೂ ಬಿರಿಯಲಿಲ್ಲ.

ಬುದ್ಧಿ ಬೆಳೆದ ಮೇಲೆ ಅಸೂಯೆ ಬರುತ್ತದೆ ಎಂಬುದು ಉಳಿದಿದ್ದ ಕೊನೆಯ ಆಕ್ಷೇಪಣೆ. ಬಂತು, ಸುಮಾರು ಎರಡೂವರೆ ವರ್ಷಕ್ಕೆ. ಗುಂಡಮ್ಮ ಆರತಿ ತಟ್ಟೆಯನ್ನು ತಳ್ಳಿ ಉರುಳಿಸಿದಳು, ಬೆಳ್ಳಿ ದೀಪದ ಕಂಠ ಸೊಟ್ಟಗಾಗಿ ಸರಿಪಡಿಸಲು ಎಂಟುನೂರು ರೂಪಾಯಿ ತೆತ್ತೆ. ಅಂದಿನಿಂದ ಹಬ್ಬ ಯಾರದಲ್ಲವೋ ಅವಳೇ ಆ ದಿನದ ಯಜಮಾನಿ. ಕೆಮ್ಮಣ್ಣು ಕಲೆಸುವವಳು, ತಿಂಡಿ ಹಂಚುವವಳು, ತಾರೀಖು ಹೇಳಿಸುವವಳು ಅವಳು. ಶುರು ಮಾಡುವ ಮೊದಲು ಅವಳ ಕಿವಿಯಲ್ಲಿ ನಾನೊಂದು ಮಾತು ಹೇಳುತ್ತೇನೆ. ಅದು ನಮ್ಮ ಮೂವರ ನಡುವಿನದು, ಹೆಂಡತಿಗೂ ಹೇಳಿಲ್ಲ.

ಈವರೆಗೆ ಮೂವತ್ತರ ಹತ್ತಿರ ಹಬ್ಬಗಳಾಗಿವೆ, ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿರಲಾರದು, ಅಂದರೆ ಆ ಒಂದು ಕೇಕಿನ ದಿನದ ಅರ್ಧಕ್ಕೂ ಕಡಿಮೆ. ಹೋದ ವಾರ ನಾನು ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಗುಂಡಮ್ಮ ಏದುಸಿರು ಬಿಡುತ್ತಾ ಅಡುಗೆಮನೆಗೆ ಬಂದಳು. "ಅಪ್ಪ, ಚುಕ್ಕಿಗೆ ರ ಬಂತು. ಲೊಟ್ಟಿ ಅನ್ನಲಿಲ್ಲ, ರೊಟ್ಟಿ ಅಂದಳು. ನಾನೇ ಮೊದಲು ಕೇಳಿಸಿಕೊಂಡೆ. ಮಣ್ಣು ಎಲ್ಲಿ?" ಹಿಂದಿನಿಂದ ಬಂದ ಚುಕ್ಕಿ ಏನೂ ಹೇಳದೆ ಬಲಗೈಯನ್ನು ಆಗಲೇ ಚಾಚಿಕೊಂಡಿದ್ದಳು. ಅವಳ ಅಚ್ಚಿನ ಬಟ್ಟೆಯನ್ನು ಹರಡಿ ನೋಡಿದರೆ ಅಂಚಿನಲ್ಲಿ ಒಂದೇ ಒಂದು ಅಂಗೈಗೆ ಜಾಗವಿತ್ತು. ಮರುದಿನ ಖಾದಿ ಭಂಡಾರಕ್ಕೆ ಹೋಗಿ ಇನ್ನೂ ಐದು ಮೀಟರ್ ಹರಿಸಿಕೊಂಡು ಬಂದೆ.