ಸೇನಾ ಕ್ಯಾಂಪಿನ ಮೆಸ್ಸಿಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಹೊರಟವರಿಗೆ

ಕುವೈತಿನ ಅಮೆರಿಕನ್ ಕ್ಯಾಂಪುಗಳಲ್ಲಿ ಕೇಟರಿಂಗ್ ಸಬ್‌ಕಾಂಟ್ರಾಕ್ಟರ್ ಒಬ್ಬರ ಕೈಕೆಳಗೆ ಬಹಳ ಕಾಲ ಕ್ವಾಲಿಟಿ ಕಂಟ್ರೋಲ್ ನೋಡಿಕೊಂಡವನು ನಾನು. ಕುಂದಾಪುರ, ಉಡುಪಿ ಕಡೆಯ ಹುಡುಗರು ಈಗಲೂ ಫೋನ್ ಮಾಡಿ, "ಅಣ್ಣಾ, ಆಫರ್ ಲೆಟರ್ ಬಂತು, ಅಲ್ಲಿ ಎಂತ ಕೆಲಸ?" ಅಂತ ಕೇಳುತ್ತಾರೆ. ಕ್ಲಿಪ್‌ಬೋರ್ಡಿನಲ್ಲಿ ಟಿಕ್ ಹಾಕುವುದನ್ನು ಕಂಪನಿಯವರೇ ಕಲಿಸುತ್ತಾರೆ. ಟಿಕ್ ಹಾಕುವ ಮೊದಲು ಎಲ್ಲಿ ನೋಡಬೇಕು ಅನ್ನುವುದು ನನ್ನ ಪಾಲಿನ ಪಾಠ.

ಮೊದಲು ದುಡ್ಡಿನ ದಾರಿ ತಿಳಿದಿರಲಿ. ಅಮೆರಿಕ ಸೇನೆಯ ಊಟ, ನೀರು, ಲಾಂಡ್ರಿ ಕೆಲಸವನ್ನು ಖಾಸಗಿಯವರಿಗೆ ಕೊಡುವ ಲಾಗ್‌ಕ್ಯಾಪ್ ವ್ಯವಸ್ಥೆ 1985ರದ್ದು. 2001ರ ಡಿಸೆಂಬರಿನಲ್ಲಿ ಅದರ ಮೂರನೇ ಕಾಂಟ್ರಾಕ್ಟ್ ಕೆಬಿಆರ್ ಅನ್ನುವ ಅಮೆರಿಕನ್ ಕಂಪನಿಯ ಪಾಲಾಯಿತು. ಆಗಿನ ಲೆಕ್ಕ ಏನೆಂದರೆ, ಆದ ಖರ್ಚನ್ನು ಸರಕಾರ ಕೊಡುತ್ತದೆ, ಮೇಲೆ ಫೀಸು ಬೇರೆ. ಕೆಳಗಿದ್ದ ನಮ್ಮ ಕಂಪನಿಗೆ ಮಾತ್ರ ಉಂಡವರ ತಲೆ ಎಣಿಸಿ ದುಡ್ಡು. ಹಾಗಾಗಿ ಉಳಿತಾಯದ ಕತ್ತರಿ ಆಡುವುದೆಲ್ಲ ಕೆಳಗೇ: ಗ್ಲವ್ಸ್, ಸೋಪು, ಆಳುಗಳ ಊಟ. ನಿಮ್ಮ ಕಣ್ಣು ಮೊದಲು ಹೋಗಬೇಕಾದ್ದೂ ಅಲ್ಲಿಗೇ.

ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಥರ್ಮಾಮೀಟರನ್ನು ಪುಡಿ ಐಸು ತುಂಬಿದ ನೀರಲ್ಲಿ ಅದ್ದಿ. ಅಲ್ಲಿ ಎಲ್ಲವೂ ಫ್ಯಾರನ್‌ಹೀಟ್, 32 ತೋರಿಸಬೇಕು. ತೋರಿಸದಿದ್ದರೆ ಅದನ್ನು ಸರಿಮಾಡುವವರೆಗೆ ಬೇರೆ ಕೆಲಸ ಇಲ್ಲ. ಕೋಳಿಯ ಒಳಭಾಗ 165ಕ್ಕೆ ಬೇಯಬೇಕು, ಬಿಸಿ ಕೌಂಟರಿನಲ್ಲಿ ಇಟ್ಟದ್ದು 135ಕ್ಕಿಂತ ಇಳಿಯಬಾರದು, ತಣ್ಣಗಿನದು 41 ದಾಟಬಾರದು. ಬಿಸಿ ಕೌಂಟರಿನ ಟ್ರೇಯ ಮಧ್ಯಕ್ಕೆ ಚುಚ್ಚಬೇಡಿ, ಮಧ್ಯ ಯಾವಾಗಲೂ ಬಿಸಿಯಾಗಿಯೇ ಇರುತ್ತದೆ. ಬಾಗಿಲ ಕಡೆಯ ಮೂಲೆಗೆ, ಎಸಿ ಗಾಳಿ ನೇರ ಬಡಿಯುವ ಕಡೆ ಚುಚ್ಚಿ. ಉಳಿದ ಅನ್ನದ ವಿಷಯದಲ್ಲಿ ನಮ್ಮವರು ಬಹಳ ಉದಾರಿಗಳು ಮಾರ್ರೆ, "ರಾತ್ರಿಗೆ ಫ್ರೈಡ್ ರೈಸ್ ಮಾಡ್ವ" ಅಂತ ದೊಡ್ಡ ಪಾತ್ರೆಯಲ್ಲೇ ಫ್ರಿಜ್ಜಿಗೆ ತಳ್ಳುತ್ತಾರೆ. ಎರಡು ಗಂಟೆಯೊಳಗೆ 70ಕ್ಕೆ, ಮತ್ತೆ ನಾಲ್ಕು ಗಂಟೆಯೊಳಗೆ 41ಕ್ಕೆ ಇಳಿಯಬೇಕಾದ ಅನ್ನ ಆ ಪಾತ್ರೆಯ ನಡುವಿನಲ್ಲಿ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ. ತೆಳ್ಳಗಿನ ಟ್ರೇಗಳಲ್ಲಿ ಹರಡಿಸಿ.

ಆಮೇಲೆ ಲಾಗ್ ಶೀಟು, ಹೊತ್ತುಹೊತ್ತಿಗೆ ಅಳೆದ ಡಿಗ್ರಿ ಬರೆದಿಡುವ ಹಾಳೆ. ನಾನು ಅದನ್ನು ಕೈಗೆತ್ತಿಕೊಂಡರೆ ಅಂಕಿಗಿಂತ ಮೊದಲು ಶಾಯಿ ನೋಡುತ್ತಿದ್ದೆ. ಆರು, ಎಂಟು, ಹತ್ತು ಗಂಟೆಯ ಸಾಲುಗಳು ಒಂದೇ ಪೆನ್ನು, ಒಂದೇ ಓಟದ ಅಕ್ಷರ, ಎಲ್ಲದರಲ್ಲೂ 145. ಹಾಳೆಯ ಮೇಲೆ ಎಣ್ಣೆಯ ಒಂದು ಬೆರಳಚ್ಚೂ ಇಲ್ಲ. ಅಡುಗೆಮನೆಯಲ್ಲಿ ಓಡಾಡಿದ ಹಾಳೆ ಹಾಗಿರಲು ಸಾಧ್ಯವೇ ಇಲ್ಲ. ಊಟ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಬರೆದದ್ದು. ಬರೆದವನನ್ನು ಬೈಯಬೇಡಿ. ಒಬ್ಬನಿಗೆ ಎಷ್ಟು ಕೌಂಟರ್ ಕೊಟ್ಟಿದ್ದಾರೆ ಅಂತ ಎಣಿಸಿ, ಉತ್ತರ ಅಲ್ಲೇ ಇರುತ್ತದೆ.

ಯಾವ ಚೆಕ್‌ಲಿಸ್ಟಿನಲ್ಲೂ ಸರಿಯಾಗಿ ಕೂರದ ವಿಷಯ ಆಳುಗಳ ಹೊಟ್ಟೆ. ಭೇದಿ ಆದವನು ಅಡುಗೆಮನೆಗೆ ಬರಬಾರದು, ಇದು ನಿಯಮ. ರಜೆ ಹಾಕಿದರೆ ಸಂಬಳ ಕತ್ತರಿಸುತ್ತಾರೆ ಅಂತಾದರೆ ಅವನು ಮಾತ್ರೆ ನುಂಗಿ ಸಲಾಡ್ ಹೆಚ್ಚಲು ನಿಲ್ಲುತ್ತಾನೆ, ಸೈನಿಕರ ಸಾಲು ಮರುದಿನ ಆಸ್ಪತ್ರೆ ಟೆಂಟಿನ ಮುಂದೆ. ಆದ್ದರಿಂದ ಕೆಲಸಕ್ಕೆ ಸೇರಿದ ವಾರವೇ ಲೇಬರ್ ಕ್ಯಾಂಪಿಗೆ ಹೋಗಿ ಟಾಯ್ಲೆಟ್ ನೋಡಿ, ಸಿಕ್ ಲೀವಿಗೆ ಸಂಬಳ ಉಂಟಾ ಕೇಳಿ, ಪಾಸ್‌ಪೋರ್ಟ್ ಯಾರ ಕೈಲಿದೆ ಅಂತಲೂ ಕೇಳಿ. ಇರಾಕಿನಲ್ಲಿ ಕಾಂಟ್ರಾಕ್ಟರುಗಳು ಕಿತ್ತಿಟ್ಟುಕೊಂಡ ಪಾಸ್‌ಪೋರ್ಟುಗಳನ್ನು ವಾಪಸ್ ಕೊಡಬೇಕೆಂದು ಅಮೆರಿಕ ಸೇನೆ 2006ರಲ್ಲೇ ಆದೇಶ ಹೊರಡಿಸಿತ್ತು. ಪಾಸ್‌ಪೋರ್ಟ್ ಕೈಯಲ್ಲಿಲ್ಲದವನು "ನನಗೆ ಹುಷಾರಿಲ್ಲ" ಅಂತ ನಿಮಗೆ ಹೇಳುವುದಿಲ್ಲ.

ನೀರು, ಕರೆಂಟು ನಿಮ್ಮ ವಿಭಾಗವಲ್ಲ ಅಂತ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಇರಾಕಿನ ಕ್ಯೂ-ವೆಸ್ಟ್ ನೆಲೆಯಲ್ಲಿ ನೀರು ಶುದ್ಧ ಮಾಡುವ ಯಂತ್ರ ಬೇಡವೆಂದು ಹೊರಹಾಕಿದ ಕೊಳೆ ನೀರನ್ನೇ ಸೈನಿಕರ ಸ್ನಾನಕ್ಕೆ ಬಿಟ್ಟದ್ದನ್ನು ಪೆಂಟಗನ್ನಿನ ಇನ್‌ಸ್ಪೆಕ್ಟರ್ ಜನರಲ್ 2008ರ ವರದಿಯಲ್ಲಿ ಬರೆದಿದ್ದಾರೆ. ಅದೇ ವರ್ಷ ಜನವರಿ 2ರಂದು ಬಾಗ್ದಾದಿನ ರದ್ವಾನಿಯ ಅರಮನೆ ಆವರಣದಲ್ಲಿ ಸ್ನಾನಕ್ಕೆ ನಿಂತ ಸಾರ್ಜೆಂಟ್ ಒಬ್ಬ ಶಾಕ್ ಹೊಡೆದು ಸತ್ತ; ನೀರಿನ ಪಂಪಿಗೆ ಅರ್ಥಿಂಗ್ ಇರಲಿಲ್ಲ. ಪಾತ್ರೆ ತೊಳೆಯುವ ಹುಡುಗ "ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ" ಅಂದರೆ ಸ್ವಿಚ್ ಆಫ್ ಮಾಡಿಸಿ ಆಮೇಲೆ ಮಾತಾಡಿ.

ಇಷ್ಟನ್ನೂ ಯಾರಿಗೆ ಹೇಳಬೇಕು? ಕಾಂಟ್ರಾಕ್ಟ್ ಮೇಲೆ ಕಣ್ಣಿಡಲು ಸೇನೆ ಒಬ್ಬನನ್ನು ನೇಮಿಸಿರುತ್ತದೆ, ಸಿಒಆರ್ ಅಂತಾರೆ. ಸಾಮಾನ್ಯವಾಗಿ ಅವನಿಗೆ ಬೇರೆ ಡ್ಯೂಟಿಯೂ ಇರುತ್ತದೆ, ಕೆಲವು ತಿಂಗಳಲ್ಲಿ ಯೂನಿಟ್ ಜೊತೆ ಹೊರಟೂ ಹೋಗುತ್ತಾನೆ. "ಕ್ವಾಲಿಟಿ ಸರಿಯಿಲ್ಲ ಸರ್" ಅಂದರೆ ಅವನು ತಲೆಯಾಡಿಸುತ್ತಾನೆ ಅಷ್ಟೆ. "ಎರಡನೇ ಲೈನ್, ಎಡ ತುದಿಯ ಟ್ರೇ, 11.40ಕ್ಕೆ 118 ಡಿಗ್ರಿ, ಟ್ರೇ ತೆಗೆಸಿದ್ದೇನೆ" ಅಂತ ಬರೆದು ಸಹಿ ಹಾಕಿಸಿ. ನಿಮ್ಮ ಕಂಪನಿ ಮೂಲಕವೇ ಕಳಿಸಬೇಕೆಂದಿದ್ದರೆ ಹಾಗೇ ಕಳಿಸಿ, ಆದರೆ ಕಾರ್ಬನ್ ಇಟ್ಟು ಬರೆಯುವ ಪುಸ್ತಕ ನೀವೇ ಕೊಂಡುಕೊಳ್ಳಿ. ಫೋಟೋ ತೆಗೆಯುವ ಉಸಾಬರಿ ಬೇಡ. ಅನುಮತಿ ಇಲ್ಲದೆ ಕ್ಯಾಂಪಿನೊಳಗೆ ಫೋನ್ ಎತ್ತಿದರೆ ಮರುದಿನವೇ ಗೇಟಿನಾಚೆ.