ಟ್ರ್ಯಾಕ್ ಕಾರಿನ ಎಕ್ಸಾಸ್ಟ್ ಸದ್ದು ಇಳಿಸಿದ್ದು: ನನ್ನ ಅನುಭವ

ನಿಂತಲ್ಲೇ ಅಳೆದಾಗ ಆರಾಮಾಗಿ ಪಾಸಾದ ಕಾರು, ಟ್ರ್ಯಾಕಿಗಿಳಿದ ಮೇಲೆ ಸದ್ದು ಜಾಸ್ತಿಯೆಂದು ಕಪ್ಪು ಬಾವುಟ ತಿಂದು ವಾಪಸ್ ಬರುವುದುಂಟು. ನನ್ನದಕ್ಕೂ ಹಾಗೇ ಆಯಿತು. ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಟರ್ಬೊ ಇಲ್ಲ, 7000 ಆರ್‌ಪಿಎಂವರೆಗೆ ಏರುತ್ತದೆ. ಸಿಲಿಂಡರ್‌ಗಳ ಹೊಗೆಯನ್ನು ಒಂದೇ ಕೊಳವೆಗೆ ಕೂಡಿಸುವ ಮ್ಯಾನಿಫೋಲ್ಡಿನಿಂದ ಹಿಂಬದಿಯವರೆಗೆ ಇದ್ದದ್ದು ಒಂದೇ ಒಂದು ಸೈಲೆನ್ಸರ್.

ನಿಂತ ಕಾರನ್ನು ಅಳೆಯುವಾಗ ಸಾಮಾನ್ಯವಾಗಿ ಮೀಟರನ್ನು ಕೊಳವೆ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿಟ್ಟು, ಎಂಜಿನ್ನನ್ನು ಅದರ ಗರಿಷ್ಠ ಆರ್‌ಪಿಎಂನ ಮುಕ್ಕಾಲಿಗೆ ಏರಿಸುತ್ತಾರೆ. ಎಂಜಿನ್ ಮೇಲೆ ಲೋಡ್ ಇರುವುದಿಲ್ಲ, ಹಾಗಾಗಿ ಥ್ರಾಟಲ್ ಚೂರು ತೆರೆದರೂ ಅಷ್ಟು ಆರ್‌ಪಿಎಂ ಬಂದುಬಿಡುತ್ತದೆ. ನೇರ ಓಟದಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಹೊರಬರುವ ಅನಿಲವೇ ಬೇರೆ, ಅದರ ಆರ್ಭಟವೇ ಬೇರೆ. ಗಾಳಿ ಎಳೆದುಕೊಳ್ಳುವ ಬದಿಯೂ ಆಗಲೇ ಬಾಯಿ ಬಿಡುವುದು.

ಹೀಗಾಗಿ ಸೈಲೆನ್ಸರ್ ಕೊಳ್ಳುವ ಮೊದಲು ಮೀಟರ್ ಕೊಂಡೆ. ಫೋನಿನ ಮೈಕ್ ಇಷ್ಟು ದೊಡ್ಡ ಸದ್ದಿಗೆ ಕಟ್ಟಿಹೋಗುತ್ತದೆ, ಅದರ ಅಂಕಿಯನ್ನು ನಂಬುವ ಹಾಗಿಲ್ಲ. ಗೆಳೆಯನೊಬ್ಬ ಟ್ರ್ಯಾಕಿನ ಅಂಚಿಗೆ, ಸುರಕ್ಷಿತ ಜಾಗದಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಒಂದೇ ದೂರದಲ್ಲಿ ನಿಂತು ಅಳೆದ. ದೂರ ಒಂದೇ ಇರಬೇಕಾದದ್ದು ಮುಖ್ಯ: ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ತಾನಾಗಿಯೇ ಇಳಿಯುತ್ತದೆ. ನನ್ನ ಕಾರಿನಲ್ಲಿ ಎಕ್ಸಾಸ್ಟ್ ಎಡಕ್ಕೆ, ಇನ್‌ಟೇಕ್ ಬಲಕ್ಕೆ. ಎರಡೂ ಬದಿಯ ಅಂಕಿ ಹೆಚ್ಚುಕಡಿಮೆ ಒಂದೇ ಬಂತು. ಅಂದರೆ ಇನ್‌ಟೇಕಿನಲ್ಲಿ ಗಾಳಿಯನ್ನು ಒಳಬಿಡುವ ತೆರೆದ ಥ್ರಾಟಲ್ ಬಾಡಿಗಳು ಎಕ್ಸಾಸ್ಟಿಗೆ ಸರಿಸಮನಾಗಿ ಕೂಗುತ್ತಿದ್ದವು. ಸಮಾನ ಜೋರಿನ ಎರಡು ಮೂಲಗಳಲ್ಲಿ ಒಂದನ್ನು ಪೂರ್ತಿ ಬಾಯಿ ಮುಚ್ಚಿಸಿದರೂ ಒಟ್ಟಾರೆ ಇಳಿಯುವುದು 3 ಡೆಸಿಬಲ್ ಮಾತ್ರ. ಬರೀ ಸೈಲೆನ್ಸರಿಗೆ ದುಡ್ಡು ಸುರಿಯುವವರು ಇದೊಂದು ಲೆಕ್ಕ ಹಾಕಿ ನೋಡಲಿ.

ಥ್ರಾಟಲ್ ಬಾಡಿಗಳ ಬಾಯಿಗಿರುವ ತುತ್ತೂರಿಯಂಥ ಕೊಳವೆಗಳಿಗೆ, ಅಂದರೆ ಟ್ರಂಪೆಟ್‌ಗಳಿಗೆ, ಏರ್‌ಬಾಕ್ಸ್ ಎಂಬ ಪೆಟ್ಟಿಗೆ ಮುಚ್ಚಿ, ಅದರ ಬಾಯನ್ನು ಮುಂದಕ್ಕೆ ತಿರುಗಿಸಿದೆ. ಆಮೇಲೆ ಸೋರಿಕೆ ಹುಡುಕಿದೆ. ತಣ್ಣಗಿರುವ ಎಕ್ಸಾಸ್ಟಿನ ಹಿಂಬಾಯಿಗೆ ಬ್ಲೋವರ್ ಹಿಡಿದು, ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಬಳಿದರೆ ಗುಳ್ಳೆ ಏಳುತ್ತದೆ. ಮ್ಯಾನಿಫೋಲ್ಡ್ ಫ್ಲ್ಯಾಂಜಿನ ಹತ್ತಿರ ಒಂದು ಕಡೆ ಎದ್ದಿತು. ಗ್ಯಾಸ್ಕೆಟ್ ಬದಲಿಸಿದ ಮೇಲೆ ಚಟಚಟ ಅನ್ನುವ ಒಣ ಸದ್ದು ಹೋಯಿತು.

ಇನ್ನು ಎಕ್ಸಾಸ್ಟ್. ನಾಲ್ಕು ಸಿಲಿಂಡರ್ ಎಂಜಿನ್ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ, 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ. ಆ 200 ಹರ್ಟ್ಜ್ ಗುಡುಗು ಎದೆಗೆ ತಾಗುತ್ತದೆ ನಿಜ, ಆದರೆ ಟ್ರ್ಯಾಕಿನ ಮೀಟರ್ ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸಿದ ಎ-ವೆಯ್ಟಿಂಗ್‌ನಲ್ಲಿ ಓದುವುದರಿಂದ ಆ ಸ್ವರದಲ್ಲಿ ಸುಮಾರು 11 ಡೆಸಿಬಲ್ ರಿಯಾಯಿತಿ ಕೊಡುತ್ತದೆ. 1000 ಹರ್ಟ್ಜ್‌ಗೆ ರಿಯಾಯಿತಿ ಇಲ್ಲ. ಯಾವ ಸ್ವರ ಎಷ್ಟು ಜೋರೆಂದು ತೋರಿಸುವ ಸ್ಪೆಕ್ಟ್ರಮ್ ನೋಡಿದಾಗ ನನ್ನ ಕಾರಿನ ಅಂಕಿ ಏರಿಸುತ್ತಿದ್ದದ್ದು ಗುಡುಗಲ್ಲ, ಅದರ ಮೇಲಿನ ಕೀರಲು. ಕೀರಲನ್ನು ನುಂಗುವುದರಲ್ಲಿ ತೂತಿರುವ ಒಳಕೊಳವೆಯ ಸುತ್ತ ಸದ್ದು ಹೀರುವ ನಾರು, ಅಂದರೆ ಪ್ಯಾಕಿಂಗ್, ತುಂಬಿದ ನೇರ ಸೈಲೆನ್ಸರ್ ಗಟ್ಟಿಗ. ಕೆಳಸ್ವರಕ್ಕೆ ಕೋಣೆಗಳಿರುವ ಸೈಲೆನ್ಸರೋ, ಪಕ್ಕಕ್ಕೆ ಬೆಸೆದ ಕುರುಡು ಕೊಳವೆಯೋ ಬೇಕು. ಕುರುಡು ಕೊಳವೆಯನ್ನು ತರಂಗದ ಕಾಲುಭಾಗ ಉದ್ದಕ್ಕೆ ಕತ್ತರಿಸಬೇಕು. ಅದರೊಳಗೆ ಅನಿಲ ಹರಿಯದೆ ತಣ್ಣಗಾಗುವುದರಿಂದ, ಬಿಸಿ ಅನಿಲದ ಲೆಕ್ಕ ಹೇಳುವುದಕ್ಕಿಂತ ಗಿಡ್ಡವಿರಬೇಕು. ಕಾರಿನೊಳಗೆ ತಲೆ ತಿನ್ನುವ ಗುಂಯ್‌ಗುಡುವಿಕೆಗೆ ಅದು ಒಳ್ಳೆಯ ಮದ್ದು. ನನಗೆ ಬೇಕಾಗಿದ್ದು ಮೀಟರಿನ ಅಂಕಿ, ಆದ್ದರಿಂದ ಬಿಟ್ಟೆ.

ಜಾಗ ಇದ್ದಷ್ಟು ಉದ್ದದ ಇನ್ನೊಂದು ನೇರ ಸೈಲೆನ್ಸರನ್ನು ಹಿಂದೆ ಕೂರಿಸಿ, ಎರಡರ ನಡುವೆ ಒಂದು ತಿರುವು ಕೊಟ್ಟೆ. ಒಳಕೊಳವೆ ತೂತು ಕೊರೆದದ್ದೇ ಇರಲಿ. ಒಳಕ್ಕೆ ರೆಕ್ಕೆ ಚಾಚಿದ ಲೂವರ್ ಮಾದರಿ ಅನಿಲವನ್ನು ಹೆಚ್ಚು ತಡೆಯುತ್ತದೆ. ಅನಿಲಕ್ಕೆ ತಡೆ ಹೆಚ್ಚಿ ಕೊಳವೆಯೊಳಗೆ ಒತ್ತಡ ಏರಿ ಪವರ್ ಹೋಗುತ್ತದೆಂದು ಹೆದರಿಸಿದವರು ಬಹಳ ಜನ. ಎಕ್ಸಾಸ್ಟಿನಲ್ಲಿ ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರಿನ ತೂತಿಗೆ ಉದ್ದನೆಯ ತಾಮ್ರದ ನಳಿಗೆ ಸಿಕ್ಕಿಸಿ, ಅದರ ತುದಿಗೆ ಪ್ರೆಶರ್ ಗೇಜ್ ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ ನೋಡಿದೆ. ಒಳಕೊಳವೆಯ ವ್ಯಾಸ ಎಲ್ಲೂ ಕಿರಿದಾಗದಂತೆ ನೋಡಿಕೊಂಡಿದ್ದರಿಂದ ಮುಳ್ಳು ಮೊದಲಿನ ಜಾಗ ಬಿಟ್ಟು ಹೆಚ್ಚೇನೂ ಸರಿಯಲಿಲ್ಲ.

ಕೊನೆಯ ಬಾಯಿಯನ್ನು ಮೀಟರ್ ಇರುವ ಬದಿಗೆ ಬೆನ್ನು ಮಾಡಿ ತಿರುಗಿಸಿದ್ದೂ ಕೆಲಸಕ್ಕೆ ಬಂತು. ಎತ್ತರದ ಸ್ವರ ಟಾರ್ಚ್ ಬೆಳಕಿನ ಹಾಗೆ, ಬಾಯಿ ತೋರಿಸಿದ ಕಡೆಗೇ ಹೆಚ್ಚು ಹೋಗುವುದು. ಹಾಗಂತ ಟೈರಿಗೋ ಪೆಟ್ರೋಲ್ ಟ್ಯಾಂಕಿಗೋ ಬಿಸಿ ಊದುವಂತೆ ತಿರುಗಿಸಬಾರದು.

ಇಷ್ಟೆಲ್ಲ ಮಾಡಿ ಪಡೆದದ್ದನ್ನು ಕಳೆಯುವುದು ಪ್ಯಾಕಿಂಗ್. ಬರೀ ಗ್ಲಾಸ್ ವುಲ್ ತುಂಬಿದರೆ ಅನಿಲದ ಬಡಿತಕ್ಕೆ ಅದು ಪುಡಿಯಾಗಿ ತೂತುಗಳಿಂದ ಹಾರಿಹೋಗುತ್ತದೆ. ನಾನು ಒಳಕೊಳವೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ವುಲ್ ಸುತ್ತಿ, ಅದರ ಮೇಲೆ ಉದ್ದ ಎಳೆಯ ಗ್ಲಾಸ್ ಫೈಬರ್ ಬಿಗಿದೆ. ತೀರಾ ಗಿಡಿದು ತುಂಬಿದರೂ ಸದ್ದು ಒಳಕ್ಕಿಳಿಯುವುದಿಲ್ಲ, ಸಡಿಲ ಬಿಟ್ಟರೆ ಒಂದು ಮೂಲೆಗೆ ಕುಸಿಯುತ್ತದೆ. ಕೈಗವಸು, ಮಾಸ್ಕ್ ಇಲ್ಲದೆ ಇದನ್ನು ಮುಟ್ಟಬೇಡಿ, ಮೈಯೆಲ್ಲ ತುರಿಕೆ.

ಹೊಸದಾಗಿ ತುಂಬಿದ ದಿನ ಸೈಲೆನ್ಸರನ್ನು ತೂಕ ಮಾಡಿ, ಅಂಕಿಯನ್ನು ಅದರ ಮೈಮೇಲೇ ಬರೆದಿಟ್ಟೆ. ತೂಕ ಇಳಿದಿದೆ ಅಂದರೆ ಪ್ಯಾಕಿಂಗ್ ಹಾರಿದೆ. ಹೊರಮೈಯಲ್ಲಿ ಒಂದೇ ಕಡೆ ನೀಲಿಗಟ್ಟಿದರೆ ಆ ಜಾಗ ಟೊಳ್ಳಾಗಿದೆ. ತುದಿಯ ಮುಚ್ಚಳ ವೆಲ್ಡ್ ಮಾಡದೆ ರಿವೆಟ್ ಹೊಡೆದದ್ದನ್ನೇ ಆರಿಸಿಕೊಳ್ಳಿ. ರಿವೆಟ್ ಕೊರೆದು ತೆಗೆದು, ಹೊಸ ಪ್ಯಾಕಿಂಗ್ ತುಂಬಿ, ಮತ್ತೆ ಹೊಡೆಯಲು ಒಂದು ಮಧ್ಯಾಹ್ನ ಸಾಕು.