ಎಲೆ ತಿನ್ನಿಸಲೆಂದೇ ಬೆಳೆಸಿದ ಗಿಡ: ನಮ್ಮ ಅಂಗಳದ ಮಿಲ್ಕ್‌ವೀಡ್

ಚಿಟ್ಟೆ ಬರಬೇಕು ಅಂತ ಹೂವಿನ ಗಿಡ ಹಾಕುವವರು ಬಹಳ. ಲಂಟಾನ, ಪೆಂಟಾಸ್, ಜೀನಿಯಾ ಎಲ್ಲ ಇದ್ದರೆ ಚಿಟ್ಟೆ ಬರುತ್ತದೆ, ಮಕರಂದ ಹೀರುತ್ತದೆ, ಹೋಗುತ್ತದೆ. ಅದು ಉಳಿಯಬೇಕಾದರೆ ಅದರ ಮರಿಗೆ, ಅಂದರೆ ಮೊಟ್ಟೆಯೊಡೆದು ಬರುವ ಹುಳಕ್ಕೆ, ಊಟ ಬೇಕು. ಮರಿಯ ಊಟ ಹೂವಲ್ಲ, ಎಲೆ. ಅದೂ ಯಾವುದೋ ಒಂದು ಎಲೆಯಲ್ಲ, ಆಯಾ ಜಾತಿಗೆ ಬೇಕಾದ ಎಲೆಯೇ ಆಗಬೇಕು. ಮೈಸೂರಿನ ನಮ್ಮ ಮನೆ ಮುಂದಿನ ಪಟ್ಟಿ ಜಾಗದಲ್ಲಿ ನಾನು ಮಿಲ್ಕ್‌ವೀಡ್ ಅನ್ನುವ, ಮುರಿದರೆ ಹಾಲು ಸೋರುವ ಗಿಡ ಬೆಳೆಸುವುದು ಈ ಕಾರಣಕ್ಕೆ. ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ ಇದರ ಎಲೆಯೇ ಊಟ.

ಜಾಗ ದೊಡ್ಡದೇನಲ್ಲ. 30-40ರ ಸೈಟು, ಗೇಟಿನಿಂದ ಮೆಟ್ಟಿಲವರೆಗೆ ಉಳಿದಿರುವ ಒಂದು ಪಟ್ಟಿ ಕೆಮ್ಮಣ್ಣು, ದಕ್ಷಿಣಕ್ಕೆ ಮುಖ. ಬೆಳಗ್ಗೆ ಒಂಬತ್ತಕ್ಕೆ ಬಂದ ಬಿಸಿಲು ಸಂಜೆ ನಾಲ್ಕರವರೆಗೂ ಇರುತ್ತದೆ. ಈ ಗಿಡಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು, ನೆರಳಲ್ಲಿ ಸುಮ್ನೆ ಉದ್ದಕ್ಕೆ ಸೊರಗಿ ಬೆಳೆಯುತ್ತದೆ. ಚಿಟ್ಟೆಗೂ ಬಿಸಿಲೇ ಬೇಕು. ಮೈ ಬೆಚ್ಚಗಾಗದೆ ಅದಕ್ಕೆ ಹಾರಲು ಆಗುವುದಿಲ್ಲ. ಮೋಡ ಮುಚ್ಚಿದ ದಿನ ನಮ್ಮ ಅಂಗಳಕ್ಕೆ ಒಂದೂ ಬರುವುದಿಲ್ಲ.

ನಾನು ಬೆಳೆಸಿರುವುದು ಕೆಂಪು-ಹಳದಿ ಹೂವಿನ ಆಸ್ಕ್ಲೀಪಿಯಾಸ್ ಕುರಾಸ್ಸಾವಿಕಾ. ನರ್ಸರಿಯಲ್ಲಿ ಮಿಲ್ಕ್‌ವೀಡ್ ಅಂತ ಕೊಡುವುದು ಹೆಚ್ಚಾಗಿ ಇದನ್ನೇ. ಇದರ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ನೆಲದ್ದೇ ಬೇಕು ಅಂದರೆ ಎಕ್ಕ ಇದೆಯಲ್ಲ, ಅದೂ ಇದೇ ಬಳಗದ ಗಿಡ, ಅದೇ ಚಿಟ್ಟೆಗೆ ಊಟ. ಖಾಲಿ ಸೈಟುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ನನಗೆ ಕೇಳಿದರೆ ಜಾಗ ಇದ್ದವರು ಎಕ್ಕವನ್ನೇ ಹಾಕಬೇಕು. ನಾನೂ ಗೇಟಿನ ಮೂಲೆಯಲ್ಲಿ ಒಂದು ಬಿಳಿ ಎಕ್ಕ ನೆಟ್ಟಿದ್ದೇನೆ. ನೆಡುವಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಾಚೆಯಿಂದ, "ಏನಮ್ಮಾ, ಮನೆ ಮುಂದೆ ಎಕ್ಕ ಹುಟ್ಟಬಾರದು ಅಂತಾರೆ, ನೀನು ತಂದು ನೆಡ್ತಾ ಇದ್ದೀಯಲ್ಲ" ಅಂದರು. ಈಗ ರಥಸಪ್ತಮಿ ಬಂತೆಂದರೆ ತಲೆ ಮೇಲೆ, ಹೆಗಲ ಮೇಲೆ ಇಟ್ಟು ಸ್ನಾನ ಮಾಡೋಕೆ ಏಳು ಎಲೆ ಅವರಿಗೂ ನಮ್ಮ ಗಿಡದ್ದೇ!

ಮಣ್ಣಿಗೆ ವಿಶೇಷ ಏನೂ ಮಾಡಿಲ್ಲ. ಕೆಮ್ಮಣ್ಣಿಗೆ ಸ್ವಲ್ಪ ಮರಳು, ಒಂದಷ್ಟು ಹಳೆಯ ಕೊಟ್ಟಿಗೆ ಗೊಬ್ಬರ, ಅಷ್ಟೇ. ನೀರು ನಿಲ್ಲಬಾರದು. ಬೀಜ ಹಾಕುವಾಗ ಅದಕ್ಕಂಟಿದ ರೇಷ್ಮೆಯಂಥ ಎಳೆ ತೆಗೆದು, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಕಡ್ಡಿ ಕತ್ತರಿಸಿ ನೀರಲ್ಲಿಟ್ಟರೂ ಬೇರು ಬಿಡುತ್ತದೆ, ನಾನು ಈಗ ಜಾಸ್ತಿ ಹಾಗೇ ಮಾಡುವುದು. ಗೇಣುದ್ದ ಆದಾಗ ತುದಿ ಚಿವುಟಿದರೆ ಪೊದೆಯಾಗಿ ಕವಲೊಡೆಯುತ್ತದೆ.

ನರ್ಸರಿಯಿಂದ ತರುವುದಾದರೆ ಒಂದು ಮಾತು. ಎಲೆಯಲ್ಲಿ ಒಂದೂ ತೂತಿಲ್ಲದ, ಫಳಫಳ ಹೊಳೆಯುವ ಗಿಡ ಕಂಡರೆ ನನಗೆ ಅನುಮಾನ. ಔಷಧಿ ಹೊಡೆದಿರುತ್ತಾರೆ. ಕೆಲವು ಕೀಟನಾಶಕಗಳು ಬೇರಿನಿಂದ ಎಲೆಯವರೆಗೂ ಗಿಡದ ಒಳಗೇ ಇಳಿದಿರುತ್ತವೆ, ತೊಳೆದರೆ ಹೋಗುವಂಥದ್ದಲ್ಲ. ಅಂಥ ಎಲೆ ತಿಂದ ಹುಳ ಸಾಯುತ್ತದೆ. ತಂದ ಗಿಡವನ್ನು ಸೊಳ್ಳೆ ಪರದೆ ಮುಚ್ಚಿ ಬೇರೆ ಇಟ್ಟು, ಹಳೇ ಎಲೆಗಳನ್ನೆಲ್ಲ ತೆಗೆದು, ಹೊಸ ಚಿಗುರು ಚೆನ್ನಾಗಿ ಬಂದ ಮೇಲಷ್ಟೇ ಹೊರಗೆ ಬಿಡುತ್ತೇನೆ. ಬೀಜದಿಂದ ಮಾಡಿದರೆ ಈ ತಲೆನೋವೇ ಇಲ್ಲ.

ನಮ್ಮಲ್ಲಿಗೆ ಮೊಟ್ಟೆ ಇಡಲು ಬರುವುದು ಪ್ಲೇನ್ ಟೈಗರ್. ಕಿತ್ತಳೆ ಬಣ್ಣ, ಮುಂದಿನ ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಪಟ್ಟೆ. ಅಮೆರಿಕದ ಮೊನಾರ್ಕ್ ಚಿಟ್ಟೆಯ ಹತ್ತಿರದ ನೆಂಟ. ಹೆಣ್ಣು ಬಂದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ಹೂವಿನ ಕಡೆ ತಿರುಗಿಯೂ ನೋಡದೆ ಎಲೆಯಿಂದ ಎಲೆಗೆ ಹಾರುತ್ತಾ, ಕೂತ ಕಡೆಯಲ್ಲೆಲ್ಲ ಮುಂಗಾಲಲ್ಲಿ ತಟ್ಟಿ ಎಲೆಯ ರುಚಿ ನೋಡಿ, ಸರಿ ಅನ್ನಿಸಿದರೆ ಹೊಟ್ಟೆಯ ತುದಿ ಬಾಗಿಸಿ ಎಲೆಯ ಅಡಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಕ್ಕೆ ಹೋಗುತ್ತದೆ. ಮೊಟ್ಟೆ ಗುಂಡುಸೂಜಿಯ ತಲೆಗಿಂತ ಚಿಕ್ಕದು. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಹೊರಬಂದ ಹುಳ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ.

ಆಮೇಲೆ ಶುರು ನೋಡಿ ತಿನ್ನೋದು! ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ. ಇಂಟರ್‌ನೆಟ್ಟಿನಲ್ಲಿ ಕಾಣುವ ಮೊನಾರ್ಕ್ ಹುಳಕ್ಕೆ ಎರಡೇ ಜೊತೆ, ಗೊಂದಲ ಬೇಡ. ದೊಡ್ಡ ಎಲೆ ತಿನ್ನುವ ಮೊದಲು ಅದು ಎಲೆಯ ನರವನ್ನು ಕಚ್ಚಿ ಕತ್ತರಿಸುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ, ಆಮೇಲೆ ಮುಂದಿನ ಭಾಗ ಆರಾಮಾಗಿ ತಿನ್ನುತ್ತದೆ. ಗಿಡದಲ್ಲಿರುವ ವಿಷ ಹುಳದ ಮೈಯಲ್ಲಿ ಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ತಿಂದು ವಾಂತಿ ಮಾಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಎರಡು ವಾರದ ಒಳಗೆ ಹುಳ ಬೆರಳಿನಷ್ಟು ದಪ್ಪಗಲ್ಲದಿದ್ದರೂ ಒಂದೂವರೆ ಇಂಚು ಉದ್ದ ಬೆಳೆಯುತ್ತದೆ. ಅಷ್ಟು ಹೊತ್ತಿಗೆ ಗಿಡ ಬೋಳು, ಬರೀ ಕಡ್ಡಿ.

ಅಂದ ಹಾಗೆ ಬೋಳಾದ ಗಿಡ ಸತ್ತಿರುವುದಿಲ್ಲ. ನೀರು ಹಾಕುತ್ತಿದ್ದರೆ ಮತ್ತೆ ಚಿಗುರುತ್ತದೆ. ಆದರೆ ಒಂದೋ ಎರಡೋ ಗಿಡ ಇಟ್ಟುಕೊಂಡರೆ ಹುಳಗಳಿಗೆ ಅರ್ಧದಲ್ಲೇ ಉಪವಾಸ. ಕಡಿಮೆ ಅಂದರೂ ಏಳೆಂಟು ಗಿಡ ಬೇಕು, ಬೇರೆ ಬೇರೆ ವಯಸ್ಸಿನವು ಇದ್ದರೆ ಇನ್ನೂ ಒಳ್ಳೆಯದು. ಎಲೆ ಮುಗಿದ ದಿನ ನಾನು ಹುಳ ಕೂತ ಕಡ್ಡಿಯನ್ನೇ ಕತ್ತರಿಸಿ ಎಕ್ಕದ ಮೇಲೆ ಒರಗಿಸಿಡುತ್ತೇನೆ. ಅವು ದಾಟಿಕೊಳ್ಳುತ್ತವೆ.

ಇನ್ನು ಗಿಡದ ರಸ ಹೀರುವ ಹಳದಿ ಹೇನು. ಇದು ಬಾರದ ಮಿಲ್ಕ್‌ವೀಡ್ ಇಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತುದಿಗಳೆಲ್ಲ ಹಳದಿ. ಬೇವಿನೆಣ್ಣೆ ಹೊಡಿ, ಸೋಪಿನ ನೀರು ಹೊಡಿ ಅಂತ ಎಲ್ಲರೂ ಹೇಳುತ್ತಾರೆ. ಹೊಡೆದರೆ ಮೊಟ್ಟೆ, ಮರಿಹುಳಕ್ಕೂ ಅದೇ ಗತಿ ಅಲ್ವಾ? ನಾನು ಎಲೆಯಡಿ ನೋಡಿಕೊಂಡು, ಬರೀ ನೀರನ್ನು ಜೋರಾಗಿ ಬಿಟ್ಟು ತೊಳೆಯುತ್ತೇನೆ, ಇಲ್ಲಾ ಗ್ಲೌಸ್ ಹಾಕಿ ಬೆರಳಲ್ಲಿ ಒರೆಸುತ್ತೇನೆ. ಗುಲಗಂಜಿ ಹುಳ ಬಂದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಇರುವೆ, ಜೇಡ, ಕಣಜ ಎಲ್ಲವೂ ಹುಳಗಳನ್ನು ಹೊತ್ತೊಯ್ಯುತ್ತವೆ, ಅದಕ್ಕೆ ನಾನು ಅಡ್ಡ ಹೋಗುವುದಿಲ್ಲ. ಡಬ್ಬಿಯಲ್ಲಿ ತುಂಬಿ ಸಾಕುವುದು ನನಗೆ ಒಗ್ಗದು. ಗುಂಪಾಗಿಟ್ಟರೆ ರೋಗ ಬೇಗ ಹರಡುತ್ತದೆ.

ಕೋಶ ಕಟ್ಟಲು ಹುಳ ಹೆಚ್ಚಾಗಿ ಗಿಡ ಬಿಟ್ಟು ಹೊರಡುತ್ತದೆ. ಕಿಟಕಿ ಗ್ರಿಲ್, ಗೇಟಿನ ಸರಳು, ಕುಂಡದ ಅಂಚು, ಎಲ್ಲೆಂದರಲ್ಲಿ ತಲೆಕೆಳಗಾಗಿ ನೇತುಬೀಳುತ್ತದೆ. ಹಸಿರು ಇಲ್ಲಾ ನಸುಗುಲಾಬಿ ಬಣ್ಣ, ಮೇಲೆ ಚಿನ್ನದ ಚುಕ್ಕಿ. ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ. ಕೋಶ ಪಾರದರ್ಶಕವಾಗಿ ಒಳಗಿನ ಕಿತ್ತಳೆ ಕಂಡರೆ ಮಾರನೇ ದಿನ ಬೆಳಗ್ಗೆ ಕಾಯಬಹುದು. ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕಿ ಇದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು.

ಹಾಲಿನ ವಿಷಯ ಮಾತ್ರ ತಮಾಷೆಯಲ್ಲ. ಮಿಲ್ಕ್‌ವೀಡ್ ಆಗಲಿ ಎಕ್ಕ ಆಗಲಿ, ಕತ್ತರಿಸಿದ ಕೈಯಲ್ಲಿ ಕಣ್ಣು ಉಜ್ಜಬಾರದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ನೋವು ಅಷ್ಟಾಗಿ ಇಲ್ಲದೆಯೂ ದೃಷ್ಟಿ ಮಬ್ಬಾಗುತ್ತದೆ. ಚೆನ್ನಾಗಿ ನೀರಲ್ಲಿ ತೊಳೆದು ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಚಿಕ್ಕ ಮಕ್ಕಳು, ಎಲೆ ಕಚ್ಚುವ ನಾಯಿಮರಿ ಇದ್ದರೆ ಬೇಲಿ ಒಳಗೆ ಹಾಕಿ.

ಮುಂಗಾರು ಹಿಡಿಯುವ ಮೊದಲು, ಹುಳ ಇಲ್ಲದ್ದು ನೋಡಿ, ಎಲ್ಲವನ್ನೂ ಅರ್ಧ ಅಡಿಗೆ ಕತ್ತರಿಸುತ್ತೇನೆ. ವರ್ಷವಿಡೀ ಹಸಿರಾಗಿರುವ ಈ ಗಿಡದ ಎಲೆ ಮೇಲೆ ರೋಗದ ಬೀಜಾಣು ಉಳಿದುಕೊಳ್ಳುತ್ತವೆ ಅಂತ ಅಮೆರಿಕದ ದಕ್ಷಿಣ ಭಾಗದಲ್ಲಿ ಮೊನಾರ್ಕ್‌ಗಾಗಿ ಹೀಗೆ ಕತ್ತರಿಸಿ ಅನ್ನುತ್ತಾರೆ. ನಮಗೂ ಹೊಸ ಚಿಗುರು ಸಿಗುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಮ್ಮಲ್ಲಿ ಚಿಟ್ಟೆಗಳ ಸಂತೆ. ಕಾಯಿ ಬಲಿತಾಗ ಒಡೆಯುವ ಮೊದಲೇ ಕೀಳುತ್ತೇನೆ. ಬೀಜ ಗಾಳಿಯಲ್ಲಿ ಹಾರಿ ಕೆರೆ ಅಂಗಳ, ಹೊಲ ಸೇರಿದರೆ ಇದೇ ಕಳೆ.

ಗಂಡು ಚಿಟ್ಟೆಗಳಿಗೆ ಅಂತ ಗೊಬ್ಬರದಂಗಡಿಯಿಂದ ಅಪ್‌ಸೆಣಬಿನ ಬೀಜ ತಂದು ಚೆಲ್ಲಿದ್ದೇನೆ. ಹೆಣ್ಣನ್ನು ಒಲಿಸುವ ವಾಸನೆ ತಯಾರಿಸಲು ಬೇಕಾದ ರಾಸಾಯನಿಕ ಅವಕ್ಕೆ ಆ ಜಾತಿಯ ಗಿಡಗಳಿಂದ ಸಿಗುತ್ತದೆ. ಅಲ್ಲಿಗೆ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಕೂಡ ಬರುತ್ತವೆ. ಇನ್ನೊಂದು ಇದೆ, ಡಾನೈಡ್ ಎಗ್‌ಫ್ಲೈ. ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ವೇಷ, ವಿಷ ಮಾತ್ರ ಇಲ್ಲ. ಅದು ಮೊಟ್ಟೆ ಇಡುವುದು ಕುಂಡಗಳಲ್ಲಿ ತಾನಾಗಿ ಬರುವ ಗೋಣಿಸೊಪ್ಪಿನ ಮೇಲೆ. ಹಾಗಾಗಿ ಈಗ ಸಾರಿಗೆ ಸೊಪ್ಪು ಕೀಳುವಾಗಲೂ ಎಲೆ ತಿರುಗಿಸಿ ನೋಡಿಯೇ ಕೀಳುತ್ತೇನೆ.